ಬಿಸಿಲ ಹಗೇವಿನ ಮೀಟರು

ಕಲಬುರಗಿ ಸೀಮೆಯ ಬಿಸಿಲನ್ನು ಜೋಳದ ಹಾಗೆ ನೆಲದಡಿಯ ಹಗೇವಿನಲ್ಲಿ ತುಂಬಿಟ್ಟು, ಬೇಕಾದಾಗ ತೆಗೆದು ಬಳಸುವಂತಿದ್ದರೆ? ಯಾರೋ ತಮಾಷೆಗೆ ಆಡಿದ ಮಾತು 2041ರ ಬೇಸಗೆಯಲ್ಲಿ ಶಹಾಬಾದ ಕಡೆಯ ಕರಿಗಣಿ ಎಂಬ ಊರಿನಲ್ಲಿ ನಿಜವಾಯಿತು.

ಅಲ್ಲೊಂದು ಪಾಳುಬಿದ್ದ ಫರಸಿಕಲ್ಲಿನ ಗಣಿ ಇತ್ತು. ಎಂಜಿನಿಯರುಗಳು ಅದರ ತಳಕ್ಕೂ ಗೋಡೆಗೂ ಶಾಖ ದಾಟಗೊಡದ ಹೊಸ ಬಗೆಯ ಹೊದಿಕೆ ಹಾಸಿದರು. ಒಳಗೆ ಒಡೆದ ಕಲ್ಲು ತುಂಬಿ, ಮೇಲೂ ಆ ಹೊದಿಕೆಯನ್ನೇ ಮುಚ್ಚಿದರು. ನೋಡಲು ಹಿಂಜಿದ ಅರಳೆಯಂತಿದ್ದ ಆ ಹೊದಿಕೆಯಲ್ಲೇ ಇಡೀ ಗುಟ್ಟು ಇತ್ತು. ಕಾದ ಕಲ್ಲಿನ ಶಾಖದಲ್ಲಿ ತಿಂಗಳಿಗೆ ನೂರಕ್ಕೆ ಒಂದು ಪಾಲು ಮಾತ್ರ ಸೋರಿಹೋಗುತ್ತಿತ್ತು. ಬೇಸಗೆಯಲ್ಲಿ ಸೌರಫಲಕದ ವಿದ್ಯುತ್ತಿನಿಂದ ಕಲ್ಲು ಕಾಯಿಸುವುದು, ವರ್ಷವಿಡೀ ಅದರ ನಡುವೆ ಗಾಳಿ ಊದಿ ಬಿಸಿಗಾಳಿಯನ್ನು ಕೊಳವೆಯಲ್ಲಿ ಮೇಲೆ ತರುವುದು, ಇಷ್ಟೇ ಏರ್ಪಾಟು. ಊರಿನವರು ಇದಕ್ಕೆ ಬಿಸಿಲ ಹಗೇವು ಎಂದೇ ಹೆಸರಿಟ್ಟರು.

ಮೊದಲ ಕೊಳವೆ ಊರಿನ ಹೆಂಗಸರ ರೊಟ್ಟಿ ಕೇಂದ್ರಕ್ಕೆ ಬಂತು. ಹನ್ನೆರಡು ಹಂಚು, ಹನ್ನೆರಡು ಜನ ಹೆಂಗಸರು. ಅಲ್ಲಿಯ ರೊಟ್ಟಿ ತಾಲ್ಲೂಕಿನ ಹಾಸ್ಟೆಲುಗಳಿಗೂ ಆಸ್ಪತ್ರೆಗೂ ಹೋಗುತ್ತಿತ್ತು. ಇಪ್ಪತ್ತು ವರ್ಷ ಕಟ್ಟಿಗೆ ಒಲೆಯ ಹೊಗೆ ಕುಡಿದಿದ್ದ ಅವರಿಗೆ ಈಗ ಕೆಮ್ಮಿಲ್ಲದೆ ಮಾತಾಡುತ್ತ ರೊಟ್ಟಿ ಬಡಿಯುವುದೇ ಒಂದು ಸಡಗರ. ಆದರೆ ಯೋಜನೆಯವರ ಒಂದು ಷರತ್ತಿತ್ತು. ಜೂನ್ ಮೊದಲ ವಾರದಲ್ಲಿ ಪರೀಕ್ಷೆ. ಒಂದು ಇಡೀ ಪಾಳಿ, ಹೊರಗಿನವರ ನೆರವಿಲ್ಲದೆ, ಹೆಂಗಸರೇ ಕೇಂದ್ರ ನಡೆಸಿ ತೋರಿಸಬೇಕು. ಮೂರು ಸಾವಿರ ರೊಟ್ಟಿ ಆಗಬೇಕು, ಕೆಟ್ಟದ್ದು ನೂರಕ್ಕೆ ಮೂರು ಮೀರಬಾರದು. ಆಗದಿದ್ದರೆ ಕೊಳವೆಯನ್ನು ದೂರದ ಕಾರ್ಖಾನೆಯೊಂದಕ್ಕೆ ತಿರುಗಿಸುತ್ತಾರೆ. ಹೆಂಗಸರು ಮತ್ತೆ ಹೊಗೆಗೆ.

ಮೇ ತಿಂಗಳ ಮೊದಲಲ್ಲಿ ಭದ್ರಾವತಿಯಿಂದ ವಾರಿಜಾ ಬಂದಳು. ಮೂವತ್ತರ ಆಸುಪಾಸಿನ ಉಪಕರಣ ತಂತ್ರಜ್ಞೆ. ಅವಳ ಕೆಲಸ ನಿಯಂತ್ರಣ ಕೋಣೆಯಲ್ಲಿ ಪ್ಯಾನೆಲ್ ಮೀಟರು ಕೂರಿಸುವುದು. ರೊಟ್ಟಿ ಬಡಿಯುವ ಪಡಸಾಲೆಗೆ ಅಂಟಿಕೊಂಡ ಚಿಕ್ಕ ಕೋಣೆ ಅದು. ನಡುವೆ ದೊಡ್ಡ ಗಾಜಿನ ಕಿಟಕಿ, ಪಕ್ಕದಲ್ಲೇ ಬಾಗಿಲು. ವಾರಿಜಾ ತಗಡಿನ ಫಲಕದಲ್ಲಿ ಚೌಕ ಕಿಂಡಿ ಕೊರೆದಳು, ಅಂಗೈಯಗಲದ ಮೀಟರನ್ನು ಅದರೊಳಗೆ ನೂಕಿದಳು, ಬೆನ್ನಿಗೆ ತಂತಿಗಳನ್ನು ಬಿಗಿದಳು. ಬಣ್ಣದ ಪರದೆ ಹೊತ್ತಿಕೊಂಡಿತು.

ಹೊಸ ಮೀಟರು ಏನೂ ಅರಿಯದ ಕೂಸು. ಹಂಚಿನ ಅಡಿಯ ಸಂವೇದಕ ಶಾಖಕ್ಕೆ ತಕ್ಕಂತೆ ಸಣ್ಣ ವಿದ್ಯುತ್ ಪ್ರವಾಹ ಕಳಿಸುತ್ತದೆ. ಅತಿ ಕಡಿಮೆ ಎಂದರೆ ನಾಲ್ಕು ಮಿಲಿ ಆಂಪಿಯರ್, ಅತಿ ಹೆಚ್ಚು ಎಂದರೆ ಇಪ್ಪತ್ತು. ಯಾವ ಪ್ರವಾಹಕ್ಕೆ ಏನು ತೋರಿಸಬೇಕೆಂದು ಮೀಟರಿಗೆ ಹೇಳಿಕೊಡಬೇಕು. ವಾರಿಜಾ ಪರದೆ ಒತ್ತುತ್ತ ಹೋದಳು: ನಾಲ್ಕು ಅಂದರೆ ಸೊನ್ನೆ ಡಿಗ್ರಿ, ಇಪ್ಪತ್ತು ಅಂದರೆ ನಾನೂರು. ಇನ್ನೂರ ನಲವತ್ತು ದಾಟಿದರೆ ಬಿಸಿಗಾಳಿಯ ಬಾಗಿಲು ಮುಚ್ಚು, ಪರದೆ ಕೆಂಪಾಗಲಿ. ಇನ್ನೂರ ಇಪ್ಪತ್ತಕ್ಕಿಂತ ಇಳಿದರೆ ಬಾಗಿಲು ತೆರೆ, ಪರದೆ ನೀಲಿಯಾಗಲಿ. ನಡುವೆ ಇದ್ದರೆ ಹಸಿರು. ಒಂದು ಮೂಲೆಯಲ್ಲಿ ಹಗೇವಿನಲ್ಲಿ ಉಳಿದ ಶಾಖ, ಶೇಕಡಾ ಲೆಕ್ಕದಲ್ಲಿ.

ಅರ್ಧ ದಿನದ ಕೆಲಸ. ಸಾಮಾನು ಕಟ್ಟಿಕೊಂಡು ಹೊರಡಬಹುದು ಎಂದುಕೊಳ್ಳುವಾಗ ಪಡಸಾಲೆಯಿಂದ ಕೂಗು ಬಂತು.

"ಮೇಡಮ್ಮ, ನಿಮ್ಮ ಡಬ್ಬಿ ಸುಳ್ಳ ಹೇಳ್ತದ ನೋಡ್ರಿ!"

ಕೂಗಿದವಳು ಚಂದಮ್ಮ. ಅರವತ್ತೆರಡರ ಗಟ್ಟಿ ಹೆಂಗಸು, ಕೇಂದ್ರದ ಹಿರಿಯಳು. ಅವಳ ಹಂಚಿನ ಮೇಲೆ ರೊಟ್ಟಿಯ ಅಂಚು ಬಿರುಕುಬಿಟ್ಟಿತ್ತು. ವಾರಿಜಾ ಬೇರೆ ಉಷ್ಣಮಾಪಕ ತಂದು ಹಂಚಿಗೆ ಹಿಡಿದಳು.

"ಇನ್ನೂರ ಮೂವತ್ತು. ಮೀಟರೂ ಇನ್ನೂರ ಮೂವತ್ತೇ ತೋರಿಸ್ತಿದೆ. ಮೀಟರು ಸರಿಯಾಗಿದೆ ಚಂದಮ್ಮನವರೇ."

"ಅದರದು ಅದಕ್ಕ ಸರಿ ಇರ್ಲಿ ತಂಗಿ. ನನ್ನ ರೊಟ್ಟಿಗಿ ಸರಿ ಇಲ್ಲ" ಎಂದು ಚಂದಮ್ಮ ಆ ರೊಟ್ಟಿಯನ್ನು ಅವಳ ಕೈಗೇ ಕೊಟ್ಟಳು.

ವಾರಿಜಾಳಿಗೆ ಸ್ವಲ್ಪ ಸಿಟ್ಟು ಬಂತು. ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡಳು. ಹಪ್ಪಳದಂತಿತ್ತು. ಹೊರಡುವುದನ್ನು ಮುಂದಕ್ಕೆ ಹಾಕಿದಳು.

ಅವಳಿಗೆ ಉಳಿಯಲು ಚಂದಮ್ಮನ ಮನೆಯ ಮುಂಭಾಗದ ಕೋಣೆಯನ್ನೇ ಕೊಟ್ಟಿದ್ದರು. ಸಂಜೆ ಊಟಕ್ಕೆ ಕೂತಾಗ ಚಂದಮ್ಮನ ಗಂಡ ಮಲ್ಲಪ್ಪ ಮಾತು ತೆಗೆದ. ಆ ಗಣಿಯಲ್ಲಿ ಮೂವತ್ತು ವರ್ಷ ಕಲ್ಲು ಎಬ್ಬಿಸಿದವನು ಅವನು.

"ಆ ಹಗೇವಿನಾಗ ತುಂಬ್ಯಾರಲ್ಲ, ಅದರಾಗ ಅರ್ಧ ಕಲ್ಲು ನಾ ಒಡದದ್ದು. ಒಡೆಯೋವಾಗ ಮೈ ಸುಡ್ತಿತ್ತು. ಈಗ ಅದು ರೊಟ್ಟಿ ಸುಡ್ತದಂದ್ರ ಕೇಳ್ಲಿಕ್ಕಿ ಖುಷಿ ಆಗ್ತದ."

"ರೊಟ್ಟಿ ಸುಡೋದಲ್ಲ, ಕರಕ್ ಮಾಡ್ಲಿಕತ್ತದ" ಎಂದು ಚಂದಮ್ಮ ಒಳಗಿನಿಂದಲೇ ಹೇಳಿದಳು.

ವಾರಿಜಾ ತಟ್ಟೆ ಹಿಡಿದುಕೊಂಡೇ ಒಲೆಯ ಬಳಿ ಹೋಗಿ ಕೂತಳು. "ಹಂಚು ಕಾದಿದೆ ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?"

ಚಂದಮ್ಮ ತಂಬಿಗೆಯಲ್ಲಿ ಬೆರಳು ಅದ್ದಿ ಹಂಚಿನ ಮೇಲೆ ಕೊಡವಿದಳು. "ಹನಿ ಕುಂತಲ್ಲೇ ಕುದ್ದರ ಹಂಚು ಸುಸ್ತ. ಚುರ್ ಅಂದು ಮಾಯ ಆದ್ರ ಮಂದ. ಮುತ್ತಾಗಿ ಓಡ್ಯಾಡಿದ್ರ ಹದ. ಓಡೋದು ಭಾಳ ಜೋರಾದ್ರ ಚುರುಕ. ಸಿಡದು ಹೊರಗ ಹಾರಿತಂದ್ರ ಹಂಚಿಗಿ ಸಿಟ್ಟ ಬಂದದ, ಸುಮ್ನ ಬಿಡಬೇಕು."

"ಹಾಗಾದ್ರೆ ಹದ ಅನ್ನೋದು ಯಾವಾಗಲೂ ಒಂದೇ ಡಿಗ್ರಿ ಅಲ್ವಾ?"

"ಅದ್ಹ್ಯಾಂಗ ಒಂದs ಆಗ್ತದ? ಇವತ್ತಿನ ಹಿಟ್ಟು ಹೊಸಾ ಜೋಳದ್ದು. ಗಾಳಿ ಒಣಗ್ಯದ. ಹನ್ನೆರಡು ಹಂಚಿನಾಗ ಬಾಗಲ ಹತ್ರದ್ದು ತಣ್ಣಗ. ಹನಿಗಿ ಎಲ್ಲಾ ಗೊತ್ತಾಗ್ತದ. ನಿಮ್ಮ ತಂತಿಗಿ ಒಂದs ಗೊತ್ತು."

ವಾರಿಜಾ ಕೈಯಲ್ಲಿದ್ದ ತುತ್ತನ್ನು ಮರೆತು ಹಂಚನ್ನೇ ನೋಡುತ್ತ ಕೂತಳು. ಮೀಟರಿನಲ್ಲಿ ಒಂದು ಸೌಲಭ್ಯವಿತ್ತು. ಡಿಗ್ರಿಯನ್ನೇ ತೋರಿಸಬೇಕೆಂಬ ಕಡ್ಡಾಯವಿಲ್ಲ. ಶಾಖವನ್ನು ನಮಗೆ ಬೇಕಾದ ಕಡೆ ನಿಲ್ಲಿಸಿ "ಇದನ್ನು ಕಲಿ" ಎಂದು ಗುಂಡಿ ಒತ್ತಿದರೆ ಆ ಹೊತ್ತಿನ ಪ್ರವಾಹವನ್ನು ಅದು ನೆನಪಿಟ್ಟುಕೊಳ್ಳುತ್ತದೆ, ನಾವು ಕೊಟ್ಟ ಹೆಸರಿನಿಂದಲೇ ಮುಂದೆ ಕರೆಯುತ್ತದೆ. ಹತ್ತು ವರ್ಷದ ಕೆಲಸದಲ್ಲಿ ಆ ಗುಂಡಿಯನ್ನು ಅವಳು ಒಮ್ಮೆಯೂ ಬಳಸಿರಲಿಲ್ಲ.

ಮರುದಿನದಿಂದ ಪಾಠ ಶುರುವಾಯಿತು. ಪಾಠ ಹೇಳುವವಳು ಚಂದಮ್ಮ, ಕಲಿಯುವುದು ಮೀಟರು. ಹಂಚಿನ ಬಳಿ ಅವಳು ಹನಿ ಕೊಡವಿ "ಮಂದ!" ಎಂದು ಕೂಗುವಳು, ಕೋಣೆಯಲ್ಲಿ ವಾರಿಜಾ ಪರದೆ ಒತ್ತುವಳು. "ಹದ ಬಂತು!" ಮತ್ತೆ ಒತ್ತುವಳು. ಎಂಟು ದಿನ, ಹನ್ನೆರಡು ಹಂಚು. ನೂರಾರು ಹನಿಗಳ ಸರಾಸರಿ ತೆಗೆದು ಐದು ಮೆಟ್ಟಿಲಿನ ಒಂದು ಪಟ್ಟಿ ತಯಾರಾಯಿತು.

ಮೀಟರಿನಲ್ಲಿ ಕನ್ನಡ ಅಕ್ಷರ ಇರಲಿಲ್ಲ. ಆದರೆ ಚಿತ್ರ ಹಾಕಲು ಬರುತ್ತಿತ್ತು. ಕೇಂದ್ರದ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದ ಮೆಹರುನ್ನೀಸಾ ಎಂಬ ತರುಣಿಯ ಅಕ್ಷರ ಮುತ್ತಿನಂತಿತ್ತು. ಅವಳು ಬಿಳಿ ಹಾಳೆಯಲ್ಲಿ ಸುಸ್ತ, ಮಂದ, ಹದ, ಚುರುಕ, ಸಿಟ್ಟ ಎಂದು ದಪ್ಪವಾಗಿ ಬರೆದಳು. ವಾರಿಜಾ ಅದರ ಫೋಟೊ ತೆಗೆದು ಮೀಟರಿಗೆ ಏರಿಸಿದಳು. ಮೆಹರು ಕುತೂಹಲದವಳು. ವಾರಿಜಾಳ ಭುಜಕ್ಕೆ ಅಂಟಿಕೊಂಡು ನಿಂತು ಯಾವ ಪುಟದ ಮೇಲೆ ಏನಿದೆ, ಎಲ್ಲಿ ಒತ್ತಿದರೆ ಎಲ್ಲಿಗೆ ಹೋಗುತ್ತದೆ ಎಂದು ಎಲ್ಲವನ್ನೂ ಕೇಳಿ ತಿಳಿದಳು. ಚಂದಮ್ಮ ಮಾತ್ರ ಪರದೆಯ ಹತ್ತಿರ ಸುಳಿಯಲಿಲ್ಲ.

"ನನ್ನ ಹಿಟ್ಟಿನ ಕೈ ಯವ್ವಾ. ಹತ್ತಿದ್ರ ಕೆಟ್ಟುಗಿಟ್ಟು ಹೋದೀತು."

ಕೊನೆಗೆ ಉಳಿದದ್ದು ಮೂಲೆಯ ಶೇಕಡಾ ಲೆಕ್ಕ. ತೊಂಬತ್ತಾರು ಎಂದು ತೋರಿಸುತ್ತಿತ್ತು.

"ತೊಂಬತ್ತಾರು ಏನು?" ಮೆಹರು ಕೇಳಿದಳು.

ವಾರಿಜಾ ಆ ಅಂಕಿಯನ್ನೇ ಅಳಿಸಿದಳು. ಆಮೇಲೆ ಕಾಗದ ತೆಗೆದು, ಒಂದು ರೊಟ್ಟಿಗೆ ಎಷ್ಟು ಶಾಖ ಬೇಕು, ಹಗೇವಿನಲ್ಲಿ ಎಷ್ಟಿದೆ ಎಂದು ಭಾಗಿಸಿ, ಹೊಸ ಲೆಕ್ಕವನ್ನು ಮೀಟರಿಗೆ ಹಾಕಿದಳು. ಮೆಹರು ಅದನ್ನು ಓದಿ ಕಿಟಕಿಯಿಂದ ಕಿರುಚಿದಳು.

"ನಮ್ಮ ಕಾಲ ಕೆಳಗ ಹನ್ನೊಂದು ಲಕ್ಷ ನಲವತ್ತು ಸಾವಿರ ರೊಟ್ಟಿ ಅವ!"

ಪಡಸಾಲೆಯಲ್ಲಿ ಬಡಿಯುವ ಸದ್ದು ನಿಂತಿತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬಳು ನೆಲ ಮುಟ್ಟಿ ನೋಡಿದಳು. ಚಂದಮ್ಮ ಬೆರಳು ಮಡಚಿ ಏನನ್ನೋ ಲೆಕ್ಕ ಹಾಕಿದಳು.

"ದಿನಕ್ಕ ಎರಡು ನೂರರಂತ ನಲವತ್ತೈದು ವರ್ಷ. ಹಬ್ಬ ಹುಣ್ಣಿಮಿ ತಗದು ಹಾಕು. ನಾ ಒಬ್ಬಾಕಿನೇ ಇಪ್ಪತ್ತೇಳು ಲಕ್ಷ ಬಡದೀನಲ್ಲೇ! ಹಗೇವು ನನಗಿಂತ ಸಣ್ಣದು!"

ನಗು ಎಷ್ಟು ಜೋರಾಗಿತ್ತೆಂದರೆ ಯೋಜನೆಯ ಮೇಲಧಿಕಾರಿ ಇನಾಮದಾರರು ತಮ್ಮ ಕಚೇರಿಯಿಂದ ಎದ್ದು ಬಂದರು. ಒಳ್ಳೆಯ ಮನುಷ್ಯ, ಆದರೆ ಮೇಲಿನವರೆಂದರೆ ವಿಪರೀತ ಅಂಜಿಕೆ. ಪರದೆಯ ಮೇಲೆ ಆಗಷ್ಟೇ ಮೂಡಿದ "ಸಿಟ್ಟ" ಎಂಬ ಮಾತು ಓದಿ ಅವರ ಹುಬ್ಬು ಮೇಲೇರಿತು.

"ವಾರಿಜಾ, ಪರೀಕ್ಷೆ ಮಾಡ್ಲಿಕ್ಕೆ ದೊಡ್ಡ ವಿಜ್ಞಾನಿ ಬರ್ತಾರ. ಮೀಟರಿನಾಗ ಸಿಟ್ಟ ಅಂತ ತೋರಿಸೋದೇನ್ರಿ?"

"ಸರ್, ಮೂರು ದಿನದಿಂದ ನೂರಕ್ಕೆ ಒಂದು ರೊಟ್ಟಿಯೂ ಕೆಟ್ಟಿಲ್ಲ. ದಯವಿಟ್ಟು ಇದನ್ನ ಹೀಗೇ ಬಿಡಿ."

ಇನಾಮದಾರರು ತಲೆ ಆಡಿಸಿ ಹೋದರು. ಒಪ್ಪಿದರೆಂದೇ ವಾರಿಜಾ ತಿಳಿದಳು.

ಪರೀಕ್ಷೆಯ ಬೆಳಿಗ್ಗೆ ವರ್ಷದ ಮೊದಲ ಮಳೆ ಬಂತು. ಏಳೂವರೆಗೆ ನಿವೃತ್ತ ಉಷ್ಣವಿಜ್ಞಾನಿ ಅನಸೂಯಾ ಬಾಳಿಗಾ ಕೊಡೆ ಮಡಚುತ್ತ ಕಾರಿನಿಂದ ಇಳಿದರು. ಮಂಗಳೂರಿನವರು, ಎಪ್ಪತ್ತರ ಹತ್ತಿರ, ಮಾತು ಕಡಿಮೆ. ವಾರಿಜಾ ಅವರಿಗೆ ಗಣಿ ತೋರಿಸಲು ಕರೆದೊಯ್ದಳು. ಆ ಹೊತ್ತಿನಲ್ಲಿ ಇನಾಮದಾರರು ಒಬ್ಬರೇ ಮೀಟರಿನ ಮುಂದೆ ನಿಂತರು. ಆ ಹೆಸರುಗಳನ್ನಷ್ಟೇ ಅಳಿಸಿ ಡಿಗ್ರಿ ತರಿಸಿದರೆ ಸಾಕು ಎಂಬುದು ಅವರ ಯೋಚನೆ. ಕಚೇರಿಯ ಕಡತದಲ್ಲಿದ್ದ ಮೀಟರಿನ ಗುಪ್ತಸಂಖ್ಯೆ ಹಾಕಿ, ಪುಟ ಪುಟ ತಿರುವಿ "ಮೊದಲಿನ ಸ್ಥಿತಿಗೆ ತಾ" ಎಂಬುದನ್ನು ಒತ್ತಿದರು. ಪರದೆ ಒಮ್ಮೆ ಕಪ್ಪಾಗಿ ಮತ್ತೆ ಹೊತ್ತಿತು. ಪಟ್ಟಿ, ಹೆಸರು, ರೊಟ್ಟಿಯ ಲೆಕ್ಕ, ಗಾಳಿಯ ಬಾಗಿಲಿಗೆ ಕೊಟ್ಟ ಆಜ್ಞೆ, ಯಾವುದೂ ಉಳಿಯಲಿಲ್ಲ. ಮೀಟರು ಕಾರ್ಖಾನೆಯಿಂದ ಬಂದ ದಿನದಂತಾಯಿತು.

ಎಂಟಕ್ಕೆ ಪರೀಕ್ಷೆ ಶುರು. ನಿಯಮದಂತೆ ವಾರಿಜಾ ಪಡಸಾಲೆಯ ಬಾಗಿಲ ಹೊರಗಿನ ಬೆಂಚಿನ ಮೇಲೆ ಬಾಳಿಗಾ ಅವರ ಪಕ್ಕ ಕೂರಬೇಕು, ಒಳಗಿನವರಿಗೆ ಒಂದು ಮಾತೂ ಹೇಳಬಾರದು. ಒಳಗೆ ಕೋಣೆಯ ಗಾಜಿನ ಕಿಟಕಿಯ ಆಚೆ ಮೆಹರು ಪರದೆಯ ಮುಂದೆ ಕಲ್ಲಿನಂತೆ ನಿಂತದ್ದು ಅವಳಿಗೆ ಕಂಡಿತು. ಪರದೆಯಲ್ಲಿ ಬರೀ ಪ್ರವಾಹದ ಅಂಕಿ, 12.71. ಎಲ್ಲ ಅಳಿಸಿಹೋಗಿದೆ ಎಂದು ವಾರಿಜಾಳಿಗೆ ತಿಳಿಯಿತು. ಪಟ್ಟಿಯ ಪ್ರತಿ ಅವಳು ಬೇರೆಲ್ಲೂ ಇಟ್ಟಿರಲಿಲ್ಲ. ಅದು ಅವಳದೇ ತಪ್ಪು.

ಮೊದಲ ಅರ್ಧ ಗಂಟೆಯಲ್ಲಿ ನಲವತ್ತು ರೊಟ್ಟಿ ಕೆಟ್ಟವು. ಕೆಲವು ಹಸಿ, ಕೆಲವು ಕರಕು. ಇನಾಮದಾರರು ಬೆಂಚಿನ ಬಳಿ ಬಂದು ಕೈ ಮುಗಿದರು.

"ಮೇಡಂ, ಬೆಳಿಗ್ಗೆ ನಾನೇ ಎಲ್ಲಾ ಅಳಿಸಿಬಿಟ್ಟೆ. ಹೆಂಗಸರದು ತಪ್ಪಿಲ್ಲ. ಪರೀಕ್ಷೆ ಇನ್ನೊಂದು ದಿನ ಇಡ್ರಿ."

ಬಾಳಿಗಾ ಅವರು ಕನ್ನಡಕದ ಮೇಲಿಂದ ನೋಡಿದರು. "ಹೇಳಿದ್ದು ಒಳ್ಳೆಯದಾಯ್ತು. ಆದರೆ ನಿಲ್ಲಿಸುವುದು ಬಿಡುವುದು ನಾನು ಹೇಳುವುದಲ್ಲ. ಒಳಗಿದ್ದವರನ್ನು ಕೇಳಿ."

ಇನಾಮದಾರರು ಬಾಗಿಲಲ್ಲಿ ನಿಂತು ವಿಷಯ ಹೇಳಿ ಕೇಳಿದರು. ಚಂದಮ್ಮ ಸೆರಗಿನಿಂದ ಹಣೆ ಒರೆಸಿಕೊಂಡಳು.

"ಮೀಟರು ಮರತದ, ನಾ ಮರತಿಲ್ಲಲ್ರಿ. ನಿಲ್ಸೋದ್ಯಾಕ? ಮೆಹರೂ, ಆ ಕಲಿಸೋ ಪುಟ ತಗಿ ನೋಡೂನು."

ಮೆಹರು ಕಣ್ಣು ಮುಚ್ಚಿ ನೆನಪಿಸಿಕೊಂಡಳು. ಗುಪ್ತಸಂಖ್ಯೆಯೂ ಅಳಿಸಿಹೋಗಿದ್ದರಿಂದ ಹೊಸ ಮೀಟರಿನಂತೆ ನಾಲ್ಕು ಸೊನ್ನೆ ಒತ್ತಿದ್ದೇ ಸಾಕಾಯಿತು. ಮೂರನೇ ಪುಟ, ಎಡಗಡೆಯ ಗುಂಡಿ. "ಬಂತು ಚಂದಮ್ಮವ್ವಾ! ಆದ್ರ ಹೆಸರು ಹಾಕ್ಲಿಕ್ಕಿ ಬರಂಗಿಲ್ಲ, ಫೋಟೊ ಹೋಗ್ಯಾವ. ಬರೀ ಅಂಕಿ ಅದ."

"ಐದು ಬೆರಳಿಲ್ಲೇನು? ಒಂದು ಸುಸ್ತ, ಎರಡು ಮಂದ, ಮೂರು ಹದ. ಬರಕೋ."

ಚಂದಮ್ಮ ಕೋಣೆಗೆ ಹತ್ತಿರದ ಹಂಚಿನ ಮುಂದೆ ಕೂತು, ಗಾಳಿಯ ಬಾಗಿಲನ್ನು ಕೈಯಿಂದಲೇ ಸ್ವಲ್ಪ ಸ್ವಲ್ಪ ತೆರೆಸುತ್ತ ಹನಿ ಕೊಡವಿದಳು. "ಎರಡು!" ಮೆಹರು ಒತ್ತಿದಳು. ಆದರೆ ಕೂಗು ಕೇಳಿ ಒತ್ತುವಷ್ಟರಲ್ಲಿ ಹಂಚಿನ ಶಾಖ ಮುಂದೆ ಹೋಗಿರುತ್ತಿತ್ತು. ಎಂಟು ದಿನದ ಕೆಲಸ ಒಂದು ಗಂಟೆಯಲ್ಲಿ ಆಗಬೇಕು, ಸರಾಸರಿ ತೆಗೆಯಲು ಹೊತ್ತಿಲ್ಲ. ಎರಡು ಸಲ ಹೀಗಾದ ಮೇಲೆ ಚಂದಮ್ಮ ಎದ್ದು ನಿಂತಳು. ತಂಬಿಗೆಯನ್ನು ಮೆಹರುವಿನ ಕೈಗೆ ಕೊಟ್ಟು, ಕೋಣೆಯ ಬಾಗಿಲ ಬಳಿ, ಹಂಚೂ ಕಾಣುವಂತೆ, ಪರದೆಗೆ ಎದುರಾಗಿ ನಿಂತಳು.

"ನೀ ಹನಿ ಹಾಕು. ನಾ ಒತ್ತತೀನಿ."

ಹಿಟ್ಟು ಮೆತ್ತಿದ ಬೆರಳನ್ನು ಎತ್ತಿ ಒಂದು ಕ್ಷಣ ಗಾಳಿಯಲ್ಲೇ ಹಿಡಿದಳು. ಹನಿ ಮುತ್ತಾಗಿ ಓಡಿತು. ಚಂದಮ್ಮ ಪರದೆಯನ್ನು ಒತ್ತಿದಳು. ಮೀಟರು ಟಿಕ್ ಎಂದಿತು. ಆ ಪರದೆ ಮೊಬೈಲಿನದರಂತೆ ನಾಜೂಕಿನದಲ್ಲ, ಒತ್ತಿದವರ ಬೆರಳು ಒದ್ದೆಯೋ ಒಣಗಿದ್ದೋ ಎಂದು ಅದು ನೋಡುವುದಿಲ್ಲ.

"ತಗೊಂತದ ಮೆಹರೂ!" ಚಂದಮ್ಮ ಹುಡುಗಿಯಂತೆ ಕೂಗಿದಳು. ಮುಂದೆ ಅವಳ ಕೈ ನಿಲ್ಲಲಿಲ್ಲ. ಹನಿ ಬೀಳುತ್ತಲೇ ಟಿಕ್, ಸಿಡಿಯುತ್ತಲೇ ಟಿಕ್. ಹೊರಗೆ ಬೆಂಚಿನ ಮೇಲೆ ವಾರಿಜಾ ಎರಡು ಕೈಯಲ್ಲೂ ಬಾಯಿ ಮುಚ್ಚಿಕೊಂಡು ಕೂತಿದ್ದಳು. ಮಾತು ಹೊರಬಿದ್ದೀತೆಂಬ ಹೆದರಿಕೆ ಅವಳಿಗೆ.

ಒಂಬತ್ತೂವರೆಗೆ ಪಟ್ಟಿ ಮುಗಿಯಿತು. ಎರಡಕ್ಕೆ ಇಳಿದರೆ ಗಾಳಿಯ ಬಾಗಿಲು ತೆರೆ, ನಾಲ್ಕಕ್ಕೆ ಏರಿದರೆ ಮುಚ್ಚು ಎಂದು ಮೆಹರು ಆಜ್ಞೆ ಹಾಕಿದಳು. ಪರದೆಯಲ್ಲಿ 3 ಬಂದು ನಿಂತಿತು. ಅವಳು ಕಿಟಕಿಯಲ್ಲಿ ಮೂರು ಬೆರಳು ಎತ್ತಿ ತೋರಿಸಿದಳು. ಹನ್ನೆರಡು ಹಂಚಿನ ಮೇಲೆ ಹನ್ನೆರಡು ರೊಟ್ಟಿ ಬಿದ್ದವು, ಒದ್ದೆ ಬಟ್ಟೆ ಸವರಿತು, ಹನ್ನೆರಡೂ ಪೂರಿಯಂತೆ ಉಬ್ಬಿದವು. ಹೆಂಗಸರು ಹೋ ಎಂದರು. ಆಮೇಲೆ ಪಡಸಾಲೆಯಲ್ಲಿ ಕೇಳಿದ್ದು ಎಡೆಬಿಡದ ಬಡಿತ ಮಾತ್ರ.

ಎರಡು ಗಂಟೆಗೆ ಬಾಳಿಗಾ ಅವರೇ ಎಣಿಸಿದರು. ಮೂರು ಸಾವಿರದ ನೂರ ಹತ್ತು ರೊಟ್ಟಿ. ಕೆಟ್ಟದ್ದು ಅರವತ್ತೆಂಟು. ನೂರಕ್ಕೆ ಎರಡು ಚಿಲ್ಲರೆ.

ಅವರು ಒಂದು ರೊಟ್ಟಿಯನ್ನು ಪುಂಡಿಸೊಪ್ಪಿನ ಪಲ್ಯದ ಜೊತೆ ನಿಧಾನಕ್ಕೆ ತಿಂದು ಮುಗಿಸಿ, ಕೈ ತೊಳೆದು, ಚಂದಮ್ಮನ ಪಕ್ಕ ನೆಲದ ಮೇಲೆಯೇ ಕೂತರು. "ಈ ಒಂದು, ಎರಡು, ಮೂರು ಅಂದರೆ ಎಂತ? ನನಗೆ ಸರಿಯಾಗಿ ಹೇಳಿಕೊಡಿ." ಚಂದಮ್ಮ ಹನಿ ಹಾಕಿ ಹಾಕಿ ತೋರಿಸಿದಳು. ಬಾಳಿಗಾ ಅವರು ನಡುನಡುವೆ ತಡೆದು ಪ್ರಶ್ನೆ ಕೇಳುತ್ತ ನಾಲ್ಕು ಪುಟ ಬರೆದುಕೊಂಡರು.

ವಾರಿಜಾ ಒಳಗೆ ಓಡಿ ಹೊಸ ಪಟ್ಟಿಯನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡಳು. ಹಳೆಯದರ ಕೆಲವು ಅಂಕಿ ಅವಳಿಗೆ ನೆನಪಿದ್ದವು. ಹೋಲಿಸಿ ನೋಡಿ ದಂಗಾದಳು. ಮಳೆಯ ತೇವಕ್ಕೆ ಹದವೇ ಹದಿನೆಂಟು ಡಿಗ್ರಿ ಮೇಲೆ ಹೋಗಿತ್ತು. ಒಣ ಬೇಸಗೆಯಲ್ಲಿ ಕಲಿಸಿದ ಹಳೆಯ ಪಟ್ಟಿ ಉಳಿದಿದ್ದರೂ ಇವತ್ತು ಕೈಕೊಡುತ್ತಿತ್ತು. ಇದನ್ನು ಇನಾಮದಾರರಿಗೆ ಹೇಳಿದಾಗ ಅವರು ಮೊದಲು ನಂಬಲಿಲ್ಲ. ಆಮೇಲೆ, ಬೆಳಿಗ್ಗೆಯಿಂದ ಏನೂ ತಿನ್ನದಿದ್ದ ಅವರು ಒಂದೇ ಸಮನೆ ಐದು ರೊಟ್ಟಿ ತಿಂದರು. ತಾವೇ ಮುಂದೆ ನಿಂತು ಮಳೆಗಾಲಕ್ಕೊಂದು, ಬೇಸಗೆಗೊಂದು ಎಂದು ಎರಡು ಪಟ್ಟಿ ಇರಬೇಕೆಂದು ಮೇಲಿನವರಿಗೆ ಬರೆದರು. ಮೆಹರುವಿನ ಅಕ್ಷರವೂ ಮೀಟರಿಗೆ ಮರಳಿತು.

ಕೊಳವೆ ಕರಿಗಣಿಯಲ್ಲೇ ಉಳಿಯಿತು. ಬಾಳಿಗಾ ಅವರ ವರದಿ ಒಂದೇ ಪುಟದ್ದು. ಎಲ್ಲಿ ಬಿಸಿಲ ಹಗೇವು ಕಟ್ಟಿದರೂ ಅಲ್ಲಿಯ ಮೀಟರನ್ನು ಅಲ್ಲಿ ಬೆಂಕಿ ಬಲ್ಲವರೇ ಕೂತು ಕಲಿಸತಕ್ಕದ್ದು, ಅದನ್ನು ಹೇಗೆಂದು ತೋರಿಸಲು ಕರಿಗಣಿಯ ಹೆಂಗಸರನ್ನು ಕರೆಸತಕ್ಕದ್ದು.

ದಸರೆ ಮುಗಿದ ಮೇಲೆ ಮೊದಲ ಕರೆ ದಾವಣಗೆರೆಯಿಂದ ಬಂತು, ಹೊಸ ಬಿಸಿಲ ಹಗೇವಿನ ಕೊಳವೆ ಪಡೆದ ಮಂಡಕ್ಕಿ ಭಟ್ಟಿಗೆ. ಚಂದಮ್ಮ, ಮೆಹರು, ವಾರಿಜಾ ರೈಲಿನಲ್ಲಿ ಹೋದರು. ಅಲ್ಲಿಯ ಭಟ್ಟಿಯ ಹಿರಿಯ ದಾದಾಪೀರ್, ಮರಳು ಕಾಯಿಸಿ ಮಂಡಕ್ಕಿ ಹುರಿಯುವುದರಲ್ಲಿ ಊರಿಗೇ ಹೆಸರಾದವರು. ಮೀಟರು ಕಂಡು ಮುಖ ಸಿಂಡರಿಸಿದರು.

"ನಂಗೆ ಕೈಗೆ ಗೊತ್ತಾಗ್ತತೆ ತಾಯಿ. ಬಾಯಲ್ಲಿ ಹೇಳು ಅಂದ್ರೆ ಬರಲ್ಲ."

"ನನಗೂ ಬರ್ತಿದ್ದಿಲ್ರಿ ಅಣ್ಣಾರ" ಎಂದಳು ಚಂದಮ್ಮ. "ನಂದು ಹನಿ ಲೆಕ್ಕ. ಇಲ್ಲಿ ಅದು ನಡಿಯಂಗಿಲ್ಲ. ನೀವು ಹುರೀರಿ, ಕಿವಿಗಿ ಏನು ಕೇಳ್ತದ ಅಷ್ಟs ಹೇಳ್ರಿ."

ದಾದಾಪೀರ್ ಒಂದು ಹಿಡಿ ಅಕ್ಕಿ ಮರಳಿಗೆ ಎಸೆದರು. ಕಿವಿ ಓರೆ ಮಾಡಿ ಕೇಳಿದರು. "ಇದು ಗೊಣಗೊಣ." ಮೆಹರು ಬರೆದಳು. ಶಾಖ ಏರಿತು. "ಈಗ ಚಿಟಿಚಿಟಿ." ಬರೆದಳು. ಮತ್ತೊಂದು ಹಿಡಿ ಬಿದ್ದದ್ದೇ ತಡ, ಮರಳಿನೊಳಗಿಂದ ಮಲ್ಲಿಗೆ ಮೊಗ್ಗಿನಂತೆ ಮಂಡಕ್ಕಿ ಚಿಮ್ಮಿತು. "ಪಟಪಟ! ಇದೇ, ಇದೇ!" ಎಂದು ದಾದಾಪೀರ್ ಎದ್ದು ನಿಂತು, ಯಾರೂ ಹೇಳದೆ ತಾವೇ ಪರದೆ ಒತ್ತಿಬಿಟ್ಟರು.

ಆ ಸಂಭ್ರಮದಲ್ಲಿ ಗಾಳಿಯ ಬಾಗಿಲು ಮುಚ್ಚುವುದನ್ನು ಎಲ್ಲರೂ ಮರೆತರು. ಮಂಡಕ್ಕಿ ಕೆಂಪಾಗಿ, ಕಂದಾಗಿ, ಭಟ್ಟಿಯ ತುಂಬ ಸುಟ್ಟ ವಾಸನೆ ಎದ್ದಿತು.

ಮೆಹರು ಹೊಸ ಹಾಳೆ ತೆಗೆದು ಕೇಳಿದಳು. "ಅಣ್ಣಾರ, ಇದಕ್ಕೇನಂತ ಹೆಸರಿಡೂನು?"

ದಾದಾಪೀರ್ ಕಪ್ಪಾದ ಮಂಡಕ್ಕಿಯನ್ನು ಜಾಲರಿಯಲ್ಲಿ ಎತ್ತಿ ನೋಡಿದರು. "ಇದಕ್ಕೆಂಥ ಹೆಸರಮ್ಮ. ಹೋಯ್ತು, ಅಷ್ಟೆ!"

ಮೆಹರು ದಪ್ಪ ಅಕ್ಷರದಲ್ಲಿ "ಹೋಯ್ತು" ಎಂದು ಬರೆದಳು. ವಾರಿಜಾ ಅದರ ಫೋಟೊ ತೆಗೆಯಲು ಹೋದಳು, ಆದರೆ ನಗುವಿಗೆ ಅವಳ ಕೈ ಅಲುಗಿ ಅಲುಗಿ ಮೂರು ಸಲ ತೆಗೆಯಬೇಕಾಯಿತು.